ಅಕ್ಕನ ಡಬ್ಬಿ ಮತ್ತು ನನ್ನ ಮಾಯಾವಿದ್ಯೆ

ಕಾದಂಬರಿ ಬರೆಯುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಕಾದಂಬರಿಯೊಳಗಿನ ಮಾಯಾವಿದ್ಯೆಗೆ ನಿಯಮ ಬರೆಯುವುದು ಅದಕ್ಕಿಂತ ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಪಾಡಿಗೆ ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಂಡು, ಸಂಜೆ ಟಿವಿ ನೋಡಿಕೊಂಡು ಆರಾಮಾಗಿ ಇರುತ್ತಿದ್ದೆ.

ನನ್ನದು ಒಂದು ಕಲ್ಪಿತ ರಾಜ್ಯದ ಕಥೆ. ಅಲ್ಲೊಂದು ನದಿ ಬತ್ತುತ್ತಿದೆ. ಒಬ್ಬ ಹುಡುಗಿ ಮಾಯೆ ಕಲಿತು ಅದನ್ನು ಮರಳಿ ಕರೆಯಬೇಕು. ಅವಳಿಗೆ ಈ ಲೋಕದಲ್ಲಿ ಇರುವವಳು ಒಬ್ಬ ಅಕ್ಕ ಮಾತ್ರ. ಇಷ್ಟನ್ನು ಬರೆಯಲು ನನಗೆ ವರ್ಷಗಳೇ ಹಿಡಿದಿದ್ದವು. ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಅವರ ಸಂಪಾದಕಿ ಫೋನ್ ಮಾಡಿ ಮೊದಲು ಹೊಗಳಿದರು. ಹೊಗಳಿಕೆ ಉದ್ದವಾದಾಗಲೇ ನನಗೆ ಅನುಮಾನ ಬಂತು.

“ಮೇಡಂ, ಭಾಷೆ ತುಂಬಾ ಚೆನ್ನಾಗಿದೆ. ಆದರೆ ನಿಮ್ಮ ಮಾಯೆಗೆ ಲಗಾಮೇ ಇಲ್ಲ. ಹುಡುಗಿ ಸಿಕ್ಕಿಹಾಕಿಕೊಂಡಾಗಲೆಲ್ಲ ಕೈ ಎತ್ತುತ್ತಾಳೆ, ಕೆಲಸ ಆಗಿಬಿಡುತ್ತೆ. ಓದೋರು ಯಾಕೆ ಹೆದರಬೇಕು ಹೇಳಿ? ಅದಕ್ಕೊಂದು ನಿಯಮ ಬೇಕು, ಒಂದು ಬೆಲೆ ಬೇಕು. ಅದು ಬೇರೆ ಎಲ್ಲೂ ನೋಡಿರದ ಹಾಗೆ ಇರಬೇಕು. ಬೇಸಿಗೆ ಮುಗಿಯೋದರೊಳಗೆ ಕೊಟ್ಟರೆ ಪುಸ್ತಕ ಮಾಡ್ತೀವಿ. ಇಲ್ಲದಿದ್ದರೆ ಕಷ್ಟ.”

ಈ ಪುಸ್ತಕ ಬಾರದಿದ್ದರೆ ಇನ್ನೊಂದನ್ನು ಬರೆಯುವ ಉಮೇದು ನನ್ನಲ್ಲಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾಲೇಜು, ಮನೆ, ಮಕ್ಕಳು ಎಂದು ಎಲ್ಲರಿಗಾಗಿ ಮಾಡಿದ ಮೇಲೆ ನನಗಾಗಿ ಮಾಡಿಕೊಂಡದ್ದು ಇದೊಂದೇ.

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ತಮಾಷೆ ಮಾಡುವವರು ಮಧ್ಯಾಹ್ನ ನಮ್ಮ ಮಹಡಿ ಕೋಣೆಯಲ್ಲಿ ಕೂತು ಒಂದು ಪುಟ ಬರೆದು ತೋರಿಸಲಿ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತದೆ. ಪಕ್ಕದ ಮನೆಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಮಿಷನ್ನುಗಳು ಬೆಳಗಿನಿಂದ ಗಡಗಡ ಅನ್ನುತ್ತಿರುತ್ತವೆ. ಅಲ್ಲಿ ಕೂತು ನಾನು ನಿಯಮ ಮಾಡಿದೆ. ಕೆಮಿಸ್ಟ್ರಿ ಹೇಳುವವಳಲ್ಲವೇ, ಸಮೀಕರಣದ ಹಾಗೆ ಆ ಕಡೆಗೂ ಈ ಕಡೆಗೂ ಸಮ ಆಗಲೇಬೇಕು. ಬೆಂಕಿ ಹುಟ್ಟಿಸಿದರೆ ಮೈಯಿಂದ ಅಷ್ಟೇ ಶಾಖ ಹೋಗಬೇಕು, ಗಾಳಿ ಎಬ್ಬಿಸಿದರೆ ಅಷ್ಟೇ ಉಸಿರು ಹೋಗಬೇಕು. ಬರೆದು ಮುಗಿಸಿ ಓದಿದರೆ ನನ್ನ ಹುಡುಗಿ ಒಂದು ದೀಪ ಹಚ್ಚಲು ಅರ್ಧ ಪುಟ ಲೆಕ್ಕ ಹಾಕುತ್ತಿದ್ದಾಳೆ! ಮೂಗಿಗಿಂತ ಮೂಗುತಿ ಭಾರ. ಕಥೆ ಹೋಗಿ ಲ್ಯಾಬ್ ರೆಕಾರ್ಡ್ ಆಗಿತ್ತು. ಸಿಟ್ಟಿನಿಂದ ಎಲ್ಲ ಅಳಿಸಿದೆ.

ಅಷ್ಟರಲ್ಲಿ ಸಿರುಗುಪ್ಪದಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದರು. ರಜೆ ಇದ್ದವಳು ನಾನೇ, ಹೋಗಿ ಕೂತೆ. ಭತ್ತದ ಗಿರಣಿಗಳ ಊರು. ಹೊಟ್ಟಿನ ಧೂಳು ಕಿಟಕಿಯಿಂದ ಬಂದು ಲ್ಯಾಪ್‌ಟಾಪಿನ ಮೇಲೆ ಕೂರುತ್ತಿತ್ತು. ಒರೆಸುವುದು, ಬರೆಯುವುದು, ಅತ್ತೆಯ ಕಣ್ಣಿಗೆ ಹನಿ ಹಾಕುವುದು. ಟಿವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ.

“ಅಷ್ಟೊತ್ತಿಂದ ಏನಮ್ಮಾ ಟಕಟಕ ಕುಟ್ಟಾಕತ್ತೀ?”

“ಕಥಿ ಬರಿಯಾಕತ್ತೀನ್ರಿ ಅತ್ತಿ.”

“ಒಬ್ಬಾಕೇ ಓದ್ಕೊಂಡ್ರ ಏನ್ ಬಂತು? ನನಗೂ ಹೇಳು.”

ಹೇಳಿದೆ. ಹೇಳಬಾರದಾಗಿತ್ತು. ನನ್ನ ಹುಡುಗಿ ದಾರಕ್ಕೆ ಗಂಟು ಹಾಕಿ ಭಯವನ್ನು ಕಟ್ಟಿಹಾಕುತ್ತಾಳೆ ಎಂದೆ. “ಅದೇನ್ ಹೊಸದು? ತೆಕ್ಕಲಕೋಟ್ಯಾಗ ನಮ್ಮ ದೊಡ್ಡವ್ವ ಕಟ್ತಿದ್ಲಲ್ಲ, ಹುಡುಗ್ರು ಅಂಜಿಕೊಂಡ್ರ” ಎಂದರು. ಮರುದಿನ ದಾರ ಬಿಟ್ಟು ಬೂದಿ ಹಿಡಿದೆ. “ಅದೂ ಐತಲ್ಲ.” ಬೂದಿ ಬಿಟ್ಟು ಕಿವಿಯಲ್ಲಿ ಉಸುರುವ ಒಂದು ಮಾತು ಹಿಡಿದೆ. “ಚೇಳಿನ ಮಂತ್ರ ಇದ್ದಂಗ ಅನ್ನು.” ನಾನು ಯಾವ ಹೊಸ ಮಾಯೆ ಹಿಡಿದು ಹೋದರೂ ಅವರು ಮೊದಲೇ ಅಲ್ಲಿ ಹಾಸಿಗೆ ಹಾಸಿರುತ್ತಿದ್ದರು. ಎಲ್ಲೂ ನೋಡಿರದ ಮಾಯೆ ಬೇಕು ಎನ್ನುವ ಆ ಸಂಪಾದಕಿ ಒಂದು ವಾರ ನಮ್ಮತ್ತೆಯ ಹತ್ತಿರ ಕೂರಬೇಕಿತ್ತು.

ಕೊನೆಗೆ ವಸ್ತುಗಳ ತಂಟೆಯೇ ಬೇಡವೆಂದು ಬೆಲೆಯನ್ನು ಹಿಡಿದೆ. “ನೋಡ್ರಿ ಅತ್ತಿ, ಆಕಿ ಒಂದು ಸಲ ಮಾಯಾ ಮಾಡಿದ್ರ ಆಕಿದೊಂದು ನೆನಪು ಹೋಗಿಬಿಡತೈತಿ. ಇದು ಹೆಂಗೈತಿ?”

ಅತ್ತೆ ಕರಿ ಕನ್ನಡಕದೊಳಗಿನಿಂದ ನನ್ನ ಕಡೆ ತಿರುಗಿದರು. “ಹಂಗಾದ್ರ ನಾ ಯಾವ ಮಾಯಾ ಮಾಡೀನಮ್ಮಾ? ದಿನಾ ಒಂದೊಂದು ಹೊಂಟಾವಲ್ಲ!” ಎಂದು ತಾವೇ ನಕ್ಕರು. ನನಗೆ ನಗು ಬರಲಿಲ್ಲ. ಆ ಅಧ್ಯಾಯವನ್ನೂ ಅಳಿಸಿದೆ.

ಇನ್ನು ಅಕ್ಕನ ಮಾತು. ನನಗೂ ಒಬ್ಬ ಅಕ್ಕ ಇದ್ದಾಳೆ, ಕುರುಗೋಡಿನಲ್ಲಿ. ನಾನು ಬರೆದುದನ್ನು ಮೊದಲು ಓದುವವಳು ಅವಳೇ. ಓದಿ “ಛಲೋ ಐತಿ” ಎನ್ನುತ್ತಾಳೆ, ಅಷ್ಟೇ. ಮುಂದೇನಾಯಿತು ಎಂದು ಒಂದು ದಿನವೂ ಕೇಳಿದವಳಲ್ಲ. ನಮ್ಮಿಬ್ಬರ ನಡುವೆ ಅವಳ ಒಂದು ಸ್ಟೀಲ್ ಡಬ್ಬಿ ಓಡಾಡುತ್ತದೆ. ಅವಳ ಗಂಡ, ನಮ್ಮ ಮಾಮಾ, ಹೊಲದ ಮೋಟರಿನ ಸಾಮಾನಿಗೋ ಬೀಜಕ್ಕೋ ಬಳ್ಳಾರಿಗೆ ಬಂದಾಗ ಅದರಲ್ಲಿ ಶೇಂಗಾ ಚಟ್ನಿಪುಡಿ ಬರುತ್ತದೆ, ಗುರೆಳ್ಳು ಪುಡಿ ಬರುತ್ತದೆ. ಅದೇ ಡಬ್ಬಿಯಲ್ಲಿ ನನ್ನ ಮನೆಯದೇನಾದರೂ ಹೋಗುತ್ತದೆ. ಒಬ್ಬರ ಮನೆಯ ಪಾತ್ರೆಯನ್ನು ಖಾಲಿ ಕಳಿಸಬಾರದು, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಎಂದು ಅವ್ವ ಕಲಿಸಿದ್ದು. ಅವ್ವ ಹೋದ ಮೇಲೂ ನಾವು ಅದನ್ನು ತಪ್ಪಿಸಿರಲಿಲ್ಲ.

ಸಿರುಗುಪ್ಪದಿಂದ ಬಂದವಳೇ ನಾನು ಹಟಕ್ಕೆ ಬಿದ್ದೆ. ಬೆಲೆ ಬೇಕಲ್ಲವೇ? ದೊಡ್ಡ ಬೆಲೆಯನ್ನೇ ಇಡುತ್ತೇನೆ ಎಂದು ಒಂದೇ ಉಸಿರಿಗೆ ಹೊಸ ಅಧ್ಯಾಯ ಬರೆದೆ. ಹುಡುಗಿ ನದಿಯನ್ನು ಕರೆಯುತ್ತಾಳೆ, ನದಿ ಬರುತ್ತದೆ. ಅದೇ ಹೊತ್ತಿಗೆ ಹಾಲು ತರಲು ಹೋದ ಅವಳ ಅಕ್ಕ ದಾರಿಯಲ್ಲಿ ಕುಸಿದು ಸಾಯುತ್ತಾಳೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು. ಇದೇ ಸರಿ ಎಂದುಕೊಂಡೆ. ಪ್ರಿಂಟ್ ತೆಗೆಸಿ, ಡಬ್ಬಿಗೆ ಕೋಡುಬಳೆ ತುಂಬಿ, ಎರಡನ್ನೂ ಮಾಮಾನ ಕೈಗೆ ಕೊಟ್ಟೆ.

ಮುಂದಿನ ಸಲ ಮಾಮಾ ಬಂದಾಗ ಡಬ್ಬಿ ಹಗುರ ಇತ್ತು. ತೆರೆದೆ. ಏನೂ ಇರಲಿಲ್ಲ. ತೊಳೆದು, ಒರೆಸಿ, ಫಳಫಳ ಹೊಳೆಯುವ ಹಾಗೆ ಮಾಡಿ ಕಳಿಸಿದ್ದಳು. ಮರೆತು ಕಳಿಸಿದ್ದರೆ ಒಂದೆರಡು ಹನಿ ನೀರಾದರೂ ಇರುತ್ತಿತ್ತು.

“ಮಾಮಾ, ಏನಾತ್ರಿ?”

ಮಾಮಾ ಚಪ್ಪಲಿ ಮೆಟ್ಟುತ್ತಲೇ, “ನನ್ನೇನ್ ಕೇಳ್ತೀ ಯವ್ವಾ? ಕೊಟ್ಲು, ತಂದೀನಿ. ಆಕಿನ್ನ ಸಾಯ್ಸೀಯಂತಲ್ಲ ನೀ?” ಎಂದು ಹೊರಟೇಬಿಟ್ಟರು.

ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಒಂದು ಕಡೆ ಬೆಲೆ ಬೇಕು ಎನ್ನುವ ಸಂಪಾದಕಿ, ಇನ್ನೊಂದು ಕಡೆ ಬೆಲೆ ಇಟ್ಟರೆ ಮಾತು ಬಿಡುವ ಅಕ್ಕ. ಎತ್ತು ಏರಿಗೆ, ಕೋಣ ನೀರಿಗೆ. ಕಥೆಯನ್ನು ಕಥೆ ಎಂದು ಓದಲು ಬಾರದ ಜನರ ನಡುವೆ ಕಾದಂಬರಿ ಬರೆಯುವ ಚಟ ನನಗೇಕೆ ಬೇಕಿತ್ತು? ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟೆ. ಆದರೆ ಆ ಡಬ್ಬಿಯನ್ನು ಮಾತ್ರ ಸದ್ದು ಮಾಡಿ ಇಡಲು ಆಗಲಿಲ್ಲ. ಅದು ಕಟ್ಟೆಯ ಮೇಲೆ ಮುಚ್ಚಳ ತೆರೆದು ಕೂತಿತ್ತು. ಇನ್ನು ಮೇಲೆ ಅಕ್ಕ ಮಾತೇ ಆಡದಿದ್ದರೆ? ಅವ್ವನ ಕಡೆಯಿಂದ ನನಗೆ ಉಳಿದವಳು ಅವಳೊಬ್ಬಳೇ.

ಆ ಬೇಸಿಗೆಯಲ್ಲಿ ನಾನು ಎಷ್ಟೋ ಬೆಲೆಗಳನ್ನು ಕಟ್ಟಿದ್ದೆ: ಶಾಖ, ಉಸಿರು, ನೆನಪು, ಕೊನೆಗೆ ಜೀವ. ಒಂದಕ್ಕೂ ನನ್ನ ನಿದ್ದೆ ಕೆಟ್ಟಿರಲಿಲ್ಲ. ಒಂದು ಖಾಲಿ ಡಬ್ಬಿಗೆ ಕೆಟ್ಟಿತು.

ಭಾನುವಾರ ಕುರುಗೋಡಿಗೆ ಹೊರಟೆ. ಡಬ್ಬಿಯನ್ನು ತುಂಬಿಸಿಯೇ ಒಯ್ಯಬೇಕು. ಅಂಗಡಿಯ ಸಿಹಿ ಅಕ್ಕನಿಗೆ ಲೆಕ್ಕಕ್ಕಿಲ್ಲ. ನನಗೆ ನೆಟ್ಟಗೆ ಬರುವುದು ಮಂಡಕ್ಕಿ ಒಗ್ಗರಣೆ ಒಂದೇ. ಬೆಳಿಗ್ಗೆ ಎದ್ದು ಮಾಡಿ ಬಿಸಿಬಿಸಿಯಾಗಿ ತುಂಬಿ ಬಸ್ಸು ಹತ್ತಿದೆ. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಾಗ ನನ್ನ ಹುಡುಗಿಯ ನಿಯಮ ತಾನಾಗಿ ಬಂತು. ಅವಳ ರಾಜ್ಯದಲ್ಲಿ ಮಾಯೆ ಯಾರದೂ ಸ್ವಂತವಲ್ಲ. ಬೇಕಾದವರು ಇನ್ನೊಬ್ಬರ ಮನೆಯಿಂದ ಒಂದು ಪಾತ್ರೆಯಲ್ಲಿ ಇಸಿದುಕೊಳ್ಳಬೇಕು. ಬಳಸಿದ ಮೇಲೆ ಪಾತ್ರೆಯನ್ನು ಮರಳಿಸಬೇಕು, ಖಾಲಿ ಮರಳಿಸಬಾರದು. ಖಾಲಿ ಹೋದರೆ ಆ ಮನೆಯ ಬಾಗಿಲು ಮುಚ್ಚಿತು, ಮತ್ತೆ ತೆರೆಯುವುದಿಲ್ಲ. ಏನು ಹಾಕಬೇಕೆಂದು ಯಾರೂ ಹೇಳಿಕೊಡುವಂತಿಲ್ಲ, ಕೊಡುವವರೇ ಕಂಡುಕೊಳ್ಳಬೇಕು. ನನಗೆ ಆ ಗದ್ದಲದಲ್ಲೇ ಕೂಗಬೇಕೆನಿಸಿತು.

ಅಕ್ಕ ಬಾಗಿಲಲ್ಲಿ ನಿಂತೇ ನನ್ನನ್ನು ನೋಡಿದಳು. “ಬಾ. ಸತ್ತಾಕಿ ಮನಿಗೆ ಬಂದೀ, ಹೋಗುವಾಗ ಜಳಕಾ ಮಾಡ್ಕೊಂಡು ಹೋಗು.”

“ಅಕ್ಕಾ, ಅದು ಕಥಿ.”

“ಕಥಿ ಅಂತ ನನಗೂ ಗೊತ್ತೈತಿ. ಆಕಿ ಹಾಲಿಗೆ ಹೋಗ್ತಾಳ, ನಾನೂ ಹಾಲಿಗೆ ಹೋಗ್ತೀನಿ. ಆಕಿಗೂ ಎಡಗಾಲು ನೋವು, ನನಗೂ ಎಡಗಾಲು ನೋವು. ಇನ್ನ ಹೆಸರೊಂದು ಬರಿಯೋದು ಬಿಟ್ಟೀ.”

“ಮಾಯಾಕ್ಕ ಒಂದು ಬೆಲಿ ಇರಬೇಕು ಅಂತ ಸಂಪಾದಕಿ...”

“ಅಷ್ಟಿದ್ರ ನಿಮ್ಮ ಮಾಮಾನ್ನ ಸಾಯ್ಸು.”

ಒಳಗಿನಿಂದ ಮಾಮಾ, “ಅಕ್ಕ-ತಂಗಿ ಕೂಡಿ ನನ್ನ್ಯಾಕ ಎಳಿತೀರಿ ನಡುವ?” ಎಂದು ಕೂಗಿದರು. ನನಗೆ ನಗು ಬಂತು. ಅಕ್ಕ ನಗಲಿಲ್ಲ.

“ಸಾಯ್ಸಿದ್ದಕ್ಕ ಸಿಟ್ಟು ಬರಲಿಲ್ಲಲೇ” ಎಂದಳು. ದನಿ ಸಣ್ಣದಾಗಿತ್ತು. “ಅಕ್ಕ ಅಲ್ಲಿ ಹಾದ್ಯಾಗ ಬಿದ್ದಾಳ. ಆ ಹುಡುಗಿ ಮುಂದಿನ ಹಾಳಿಯೊಳಗ ನದಿ ನೋಡಿ ಕುಣಿತಾಳ. ಅದನ್ನ ಓದಿ ಬಂತು.”

ಅವಳು ಹೇಳಿದ್ದು ನಿಜವಾಗಿತ್ತು. ಹುಡುಗಿ ಮುಂದಿನ ಪುಟದಲ್ಲಿ ಕುಣಿದಿದ್ದಳು, ಬಹಳ ಚೆಂದವಾಗಿಯೇ ಕುಣಿದಿದ್ದಳು. ಬೆಲೆ ಎಂದು ನಾನು ಬರೆದದ್ದನ್ನು ತೆತ್ತವಳು ಅಕ್ಕ, ನದಿ ಪಡೆದವಳು ತಂಗಿ. ಸುಮ್ಮನೆ ಡಬ್ಬಿಯನ್ನು ಮುಂದೆ ಹಿಡಿದೆ. ಅಕ್ಕ ತೆರೆದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. “ಮೆತ್ತಗಾಗ್ಯಾವು” ಎಂದಳು. ಹಾಗೆನ್ನುತ್ತಲೇ ನಿಂತಲ್ಲೇ ಅರ್ಧ ಡಬ್ಬಿ ತಿಂದಳು.

ಅವಳ ಮುಖ ಸಡಿಲವಾದ ಮೇಲೆ ಹೊಸ ನಿಯಮವನ್ನು ಹೇಳಿದೆ. ಗಮನವಿಟ್ಟು ಕೇಳಿದಳು. ಕೇಳಿ ಮುಗಿಸಿ, “ಇದ್ರಾಗ ಮಾಯಾ ಏನೈತಿ? ಇದು ಮರ್ಯಾದಿ. ಎಲ್ಲಾರ ಮನ್ಯಾಗೂ ಇರತೈತಿ” ಎಂದಳು. ನನಗೆ ಮತ್ತೆ ರೇಗಿತು. ಸಿರುಗುಪ್ಪದಿಂದ ಕುರುಗೋಡಿನವರೆಗೆ ಒಬ್ಬರಾದರೂ ನನ್ನ ಮಾಯೆಯನ್ನು ಮಾಯೆ ಎಂದು ಒಪ್ಪಬಾರದೇ? ಮುನಿಸಿಕೊಂಡೇ ಬಸ್ಸು ಹತ್ತಿದೆ. ಕೈಯಲ್ಲಿ ಡಬ್ಬಿ ಇತ್ತು, ಡಬ್ಬಿಯಲ್ಲಿ ಚಟ್ನಿಪುಡಿ ಇತ್ತು.

ಹೊಸದಾಗಿ ಬರೆದೆ. ಅಕ್ಕ ಬದುಕಿದಳು. ತನ್ನಲ್ಲಿದ್ದ ಮಾಯೆಯನ್ನೆಲ್ಲ ಅವಳೇ ಒಂದು ಗಿಂಡಿಯಲ್ಲಿ ತಂಗಿಗೆ ಕೊಟ್ಟು ಕಳಿಸುತ್ತಾಳೆ. ಹುಡುಗಿ ನದಿಯನ್ನು ಕರೆಯುತ್ತಾಳೆ, ನದಿ ಬರುತ್ತದೆ. ಈಗ ಗಿಂಡಿಯನ್ನು ಮರಳಿಸಬೇಕು, ಅವಳ ಹತ್ತಿರ ತನ್ನದು ಎನ್ನುವುದು ಏನೂ ಇಲ್ಲ. ಅಲ್ಲಿಗೆ ನಿಂತಿತು. ಅಷ್ಟನ್ನೇ ಸಂಪಾದಕಿಗೆ ಕಳಿಸಿದೆ, ಅಕ್ಕನಿಗೂ ಕಳಿಸಿದೆ. ಸಂಪಾದಕಿ, “ಅದ್ಭುತ ಮೇಡಂ, ಇಂಥದ್ದನ್ನು ಎಲ್ಲೂ ನೋಡಿಲ್ಲ! ಕೊನೆ ಬೇಗ ಕಳಿಸಿ, ದಿನ ಹತ್ತಿರ ಬಂತು” ಎಂದರು.

ಕೊನೆ ಎಲ್ಲಿಂದ ಬರಬೇಕು? ಗಿಂಡಿಗೆ ನದಿಯ ನೀರು ಹಾಕಿದೆ, ಸಪ್ಪೆ. ಕಣ್ಣೀರು ಹಾಕಿದೆ, ನಾಟಕ. ಹೂವು ಹಾಕಿದೆ, ಕ್ಯಾಲೆಂಡರಿನ ಚಿತ್ರ. ಒಂದೊಂದನ್ನೂ ಬರೆಯುವುದು, ಅಳಿಸುವುದು. ಇಷ್ಟು ಕಷ್ಟದ ನಿಯಮ ಮಾಡಿದ ನನ್ನನ್ನು ನಾನೇ ಬೈದುಕೊಂಡೆ.

ಆಗ ಅಕ್ಕನ ಫೋನ್ ಬಂತು. ಅವಳು ಆರಾಮ ಇದ್ದೀಯಾ ಎಂದೂ ಕೇಳಲಿಲ್ಲ.

“ಏನ್ ಹಾಕಿದ್ಲು?”

“ಯಾರು?”

“ನಿನ್ನ ಹುಡುಗಿ. ಗಿಂಡ್ಯಾಗ ಏನ್ ಹಾಕಿದ್ಲು?”

“ಇನ್ನೂ ಗೊತ್ತಾಗವಲ್ದು ಅಕ್ಕಾ.”

“ಗೊತ್ತಾಗವಲ್ದು ಅಂದ್ರ ಹೆಂಗಲೇ?” ಅಕ್ಕನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಲಗೂನ ಏನಾರ ಹಾಕಿ ಕಳ್ಸು. ಅಲ್ಲಿ ಅವರಕ್ಕ ಬಾಗಲದಾಗ ನಿಂತಾಳ.”