ಕಾರಿನ ಬಾಗಿಲಲ್ಲಿ ಕಂಡ ಹುಂಜ

ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿದ್ದು ನನ್ನ ಯಜಮಾನರಿಗೆ. ಹೆಂಡತಿಗೆ ಮೊದಮೊದಲು ದುಡಿಯುವ ಅನುಮತಿ ಇರಲಿಲ್ಲ. ರೊಟ್ಟಿ ಬಡಿಯುವುದನ್ನು ಸರಕಾರ ದುಡಿಮೆಯೆಂದು ಎಣಿಸದ ಕಾರಣ ಅದಕ್ಕೇನೂ ಅಡ್ಡಿ ಬರಲಿಲ್ಲ. ಭಾನುವಾರ ರೇಗನ್ಸ್‌ಬರ್ಗ್‌ನ ನಮ್ಮ ಮನೆಗೆ ಅವರ ಆಫೀಸಿನ ಇಬ್ಬರು ಬ್ರಹ್ಮಚಾರಿ ಗೆಳೆಯರು ಊಟಕ್ಕೆ ಬರುತ್ತಿದ್ದರು. ಉಂಡಾದ ಮೇಲೆ ಊರಾಚೆಯ ಕಾಡಂಚಿನಲ್ಲಿ ತಿರುಗಾಟ. ಪಾತ್ರೆ ತೊಳೆಯುವುದು ಬೇಗ ಮುಗಿದರೆ ನಾನೂ ಹೋಗುತ್ತಿದ್ದೆ.

ಬೇಟೆಗೆಂದು ಯಾರೋ ಎಂದೋ ತಂದು ಬಿಟ್ಟ ಟರ್ಕಿ ಕೋಳಿಗಳ ಸಂತತಿ ಆ ಕಾಡಿನಲ್ಲಿ ಉಳಿದಿತ್ತು. ಚಳಿಗಾಲದಲ್ಲಿ ಹುಂಜಗಳದೇ ಒಂದು ಗುಂಪು. ಹಿಮ ಕೆದರಿ ಕಾಳು ಹೆಕ್ಕುತ್ತ, ಮುಂದಿನದು ಹೊರಳಿದ ಕಡೆಗೆ ಉಳಿದವೂ ಹೊರಳುತ್ತಿದ್ದವು. ಯಜಮಾನರು ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದು ಪಾಠ ಹೇಳುವರು.

"ಗಂಡಸರ ಒಗ್ಗಟ್ಟು ನೋಡ್ರಿ. ಜಗಳಿಲ್ಲ, ತಂಟಿಲ್ಲ."

"ಹೇಂಟಿ ಇಲ್ಲಲ್ರಿ, ಅದಕ್ಕ," ಎಂದೆ. ಅದು ಪಾಠದಲ್ಲಿರಲಿಲ್ಲ.

ಏಪ್ರಿಲ್‌ನಲ್ಲಿ ಅವರು ಹಳೆಯದೊಂದು ಕಪ್ಪು ಕಾರು ಕೊಂಡರು. ಶನಿವಾರವಿಡೀ ಮೇಣ ಹಚ್ಚಿ ಉಜ್ಜಿ, ಭಾನುವಾರ ನಮ್ಮನ್ನೆಲ್ಲ ಹತ್ತಿಸಿಕೊಂಡು ಹೊರಟರು. ಕಾಡಂಚಿಗೆ ಹೇಂಟೆಗಳು ಬಂದಿದ್ದವು. ಒಗ್ಗಟ್ಟು ಮುರಿದಿತ್ತು. ದೊಡ್ಡ ಹುಂಜವೊಂದು ಬಾಲ ಬಿಚ್ಚಿ ಮೆರೆಯುತ್ತ, ಇನ್ನೊಂದನ್ನು ಒದ್ದು ಓಡಿಸಿತು. ಒದೆ ತಿಂದದ್ದು ರಸ್ತೆಗೆ ಬಂತು. ನಾವು ಮೂವರು ಇಳಿದಿದ್ದೆವು. ಯಜಮಾನರು ಕ್ಯಾಮರಾ ಹಿಡಿದು ಒಳಗೇ ಕೂತಿದ್ದರು.

ಮಿರಮಿರ ಮಿಂಚುವ ಬಾಗಿಲಲ್ಲಿ ಅದಕ್ಕೆ ಮತ್ತೊಂದು ಹುಂಜ ಕಂಡಿತು. ಇದು ಗರಿ ಕೆದರಿತು, ಅದೂ ಕೆದರಿತು. ಇದರ ತಲೆ ಕೆಂಪಾಯಿತು, ಅದರದೂ ಆಯಿತು. ಆಮೇಲೆ ಕುಕ್ಕಿದ್ದೇ ಕುಕ್ಕಿದ್ದು, ಬಾಗಿಲ ತುಂಬ ಗೀರು. ಯಜಮಾನರು ಹಾರ್ನ್ ಒತ್ತಿದರು. ಅದು ಗಳಗಳನೆ ಉತ್ತರ ಕೊಟ್ಟು ಇನ್ನಷ್ಟು ಜೋರಾಗಿ ಕುಕ್ಕಿತು. ಗೆಳೆಯರಿಬ್ಬರೂ ಆಗಲೇ ಮರದ ಮರೆಯಲ್ಲಿದ್ದರು.

"ಗುರು, ಹೊರಗ ಬರಬ್ಯಾಡ," ಎಂದು ಅಲ್ಲಿಂದಲೇ ಧೈರ್ಯ ಹೇಳಿದರು.

ನಾನು ಶಾಲು ತೆಗೆದು ಬಾಗಿಲ ಮೇಲೆ ಇಳಿಬಿಟ್ಟೆ. ಎದುರಾಳಿ ಮಾಯ. ಹುಂಜ ಸುತ್ತ ನೋಡಿ, ಎದೆಯುಬ್ಬಿಸಿ ಹೇಂಟೆಗಳತ್ತ ನಡೆಯಿತು.

ಗಾಜು ನಾಲ್ಕು ಬೆರಳಷ್ಟು ಇಳಿಯಿತು. "ಹೋತೇನು?"

"ಗೆದ್ದೀನಿ ಅಂತ ತಿಳಕೊಂಡು ಹೋತ್ರಿ."

ಮುಂದಿನ ಭಾನುವಾರ ಊಟಕ್ಕೆ ಕೂತಾಗ ಗೆಳೆಯರಲ್ಲೊಬ್ಬ ಮೆಲ್ಲಗೆ ಕೇಳಿದ, "ವೈನಿ, ಕಾರಿಗೆ ಜಿಂಕಿ ಯಾವ ಕಡಿಂದ ಬಂದು ಹಾದದ್ದು? ಆಫೀಸ್‌ನಾಗ ಎಲ್ಲಾರೂ ಒಂದ ರೀತಿ ಹೇಳಬೇಕಲ್ಲ."

ನಾನು ಯಜಮಾನರ ಮುಖ ನೋಡಿದೆ. ಅವರು ಬದನೆಕಾಯಿ ಪಲ್ಯ ನೋಡುತ್ತಿದ್ದರು.

"ಬಲಗಡಿಂದ," ಎಂದೆ. "ದೊಡ್ಡ ಕೊಂಬು ಇದ್ದುವು ಅಂತನೂ ಹೇಳ್ರಿ."

ಜುಲೈನಲ್ಲಿ ಮತ್ತೆ ಹೋದೆವು, ಕಾರನ್ನು ಬಲು ದೂರ ನಿಲ್ಲಿಸಿ. ಕಚ್ಚಾಡಿದ್ದ ಹುಂಜಗಳೆಲ್ಲ ಒಂದೇ ಹುಲ್ಲುಗಾವಲಲ್ಲಿ ಒಟ್ಟಾಗಿ ಮಿಡತೆ ಹಿಡಿಯುತ್ತಿದ್ದವು.

"ಮತ್ತ ಒಂದಾದ್ವು ನೋಡ್ರಿ," ಎಂದು ಯಜಮಾನರು ಹಿಗ್ಗಿದರು. ಗೆಳೆಯರು ತಲೆದೂಗಿದರು. ಮರಿಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.