ಗಾಜಿನ ತೂತಿಗೆ ರೇಷ್ಮೆ ಎಳೆ

ಗೌರಿಬಿದನೂರಿನ ಕಾರ್ಖಾನೆಯಲ್ಲಿ ನಾನು ಲೇಸರ್‌ನಿಂದ ಗಾಜು ಕೊರೆಯುತ್ತೇನೆ. ಒಂದೊಂದು ಮಿಂಚೂ ಎಷ್ಟು ಚುಟುಕೆಂದರೆ, ಗಾಜಿಗೆ ಬಿಸಿ ತಟ್ಟುವ ಮೊದಲೇ ಕೆಲಸ ಮುಗಿದಿರುತ್ತದೆ. ಇದನ್ನು ಹೇಳುವಾಗ ನನಗೆ ಈಗಲೂ ಜಂಬ ಬರುತ್ತದೆ, ಬರಲಿ ಬಿಡಿ.

ಅಮ್ಮನಿಗೆ ಮಾತ್ರ ಇದೊಂದು ಕೆಲಸವೇ ಅಲ್ಲ. ಅವಳು ಶಿಡ್ಲಘಟ್ಟದಲ್ಲಿ ಚರಕದ ಮುಂದೆ ಕೂತು ಗೂಡಿನಿಂದ ರೇಷ್ಮೆ ನೂಲು ತೆಗೆಯುವವಳು. "ಡಿಪ್ಲೊಮಾ ಓದ್ಸಿದ್ದು ಗಾಜಿಗೆ ತೂತು ಹಾಕಕ್ಕೇನಮ್ಮ?" ಎಂದು ನೆಂಟರ ಮುಂದೆಯೇ ಕಾಲೆಳೆಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ, ಸೂಜಿಯ ಕಣ್ಣಿಗಿಂತ ಸಣ್ಣ ತೂತುಗಳ ಮಾದರಿ ಗಿರಾಕಿಯಿಂದ ವಾಪಸ್ ಬಂತು: ಅಂಚು ಒಡೆದಿದೆಯಂತೆ. ಎರಡನೆಯದೂ ಬಂತು. ನಮ್ಮ ಮೈಕ್ರೋಸ್ಕೋಪಿನಲ್ಲಿ ಎಷ್ಟು ಕಣ್ಣು ಕೀಲಿಸಿದರೂ ಏನೂ ಕಾಣಲಿಲ್ಲ. ಮೂರನೆಯದೂ ಕೆಟ್ಟರೆ ಮೆಷಿನ್ ಬೇರೆಯವರಿಗೆ, ನೀವು ಪ್ಯಾಕಿಂಗ್‌ಗೆ ಎಂದರು ಮ್ಯಾನೇಜರ್. ವಾಪಸ್ ಬಂದ ಒಂದು ತುಂಡನ್ನು ಕೇಳಿ ತಂದು ಮನೆಯಲ್ಲಿ ಅದನ್ನೇ ನೋಡುತ್ತ ಕೂತೆ.

ಅಮ್ಮ ಅದನ್ನು ಕಸಿದುಕೊಂಡಳು. ಚರಕದಲ್ಲಿ ನೂಲು ಒಂದು ಪಿಂಗಾಣಿ ಗುಂಡಿಯ ತೂತಿನಲ್ಲಿ ಹಾದು ಬರುತ್ತದೆ. ಅಂಚು ನಯವಿಲ್ಲದಿದ್ದರೆ ನೂಲು ಹರಿಯುತ್ತದೆ. ಅದಕ್ಕೇ ಯಾವ ಹೊಸ ಗುಂಡಿಯನ್ನೂ ಎಳೆ ಹಾಕಿ ಎಳೆದು ನೋಡದೆ ಅವಳು ಕೂರಿಸಿದ್ದಿಲ್ಲ. ನನ್ನ ಗಾಜಿಗೂ ಅದೇ ಪರೀಕ್ಷೆ. ಎಳೆಯ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ತೂರಿಸಿ, ಒಂದು ಕಡೆಗೆ ಬಾಗಿಸಿ ಎಳೆದಳು, ಸಲೀಸಾಗಿ ಬಂತು. ಇನ್ನೊಂದು ಕಡೆಗೆ ಎಳೆದಳು, ಪಟ್ಟನೆ ಹರಿಯಿತು.

"ನೀನು ಗುರ್ತು ಹಾಕಿರೋ ಕಡೆ ಚೆನ್ನಾಗೈತೆ. ಹಿಂದ್ಗಡೆ ಹಲ್ಲು ಐತೆ ಕಣೇ."

ಗುರುತಿದ್ದದ್ದು ಮೇಲ್ಮೈಗೆ, ಮೈಕ್ರೋಸ್ಕೋಪಿನಲ್ಲಿ ನಾನು ನೋಡಿದ್ದೂ ಆ ಕಡೆಯನ್ನೇ. ಲೋಹಕ್ಕೆ ಮಾಡಿದಂತೆ ನಾನು ಮೇಲಿನಿಂದ ಕೆಳಕ್ಕೆ ಕೊರೆಯುತ್ತಿದ್ದೆ, ಕೊನೆಗೆ ತಳದ ಅಂಚು ಸಿಡಿಯುತ್ತಿತ್ತು. ಆದರೆ ಗಾಜಿನೊಳಗೆ ಬೆಳಕು ಹಾಯುತ್ತದೆ. ತಳದಲ್ಲೇ ಶುರುಮಾಡಿ ಮೇಲಕ್ಕೆ ಬರಬಹುದು, ಪುಡಿ ತಾನಾಗಿ ಕೆಳಗೆ ಉದುರುತ್ತದೆ. ಗೊತ್ತಿದ್ದೂ ಹಳೇ ಚಾಳಿ ಬಿಟ್ಟಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾರನೆಯ ದಿನ ತಳದಿಂದ ಕೊರೆದೆ. ಅಮ್ಮ ಕೊಟ್ಟ ಎಳೆಯನ್ನು ಪ್ರತಿ ತೂತಿನಲ್ಲೂ ಎರಡೂ ಕಡೆಗೆ ಎಳೆದೆ. ಎಲ್ಲೂ ಹರಿಯಲಿಲ್ಲ. ಮಾದರಿ ಒಪ್ಪಿಗೆಯಾಯಿತು, ಮೆಷಿನ್ ನನ್ನ ಕೈಯಲ್ಲೇ ಉಳಿಯಿತು. ಈ ಪರೀಕ್ಷೆ ಎಲ್ಲಿ ಕಲಿತಿರಿ ಎಂದು ಮ್ಯಾನೇಜರ್ ಕೇಳಿದಾಗ, "ನಮ್ಮಮ್ಮನ ಹತ್ರ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಆಮೇಲೆ ಅವಳ ಚರಕಕ್ಕೆಂದು ಗಾಜಿನ ಗುಂಡಿಯೊಂದನ್ನು ಕೊರೆದು ತಂದುಕೊಟ್ಟೆ. ಅಂಗೈಯಲ್ಲಿ ಹೊರಳಿಸಿ ನೋಡಿದಳು. ನಾನು ಎಳೆ ತೆಗೆದು ಮುಂದೆ ಹಿಡಿದೆ. ಅದನ್ನು ಬದಿಗೆ ಸರಿಸಿ, ಗುಂಡಿಯನ್ನು ನೇರವಾಗಿ ಚರಕಕ್ಕೆ ಕೂರಿಸಿದಳು.