ಬೋಣಿಯ ತಾರೀಖು

ಅವರ ಎಡಗೈಯ ಮಣಿಕಟ್ಟಿನ ಸುತ್ತ ಬೆರಳಗಲದ ಒಂದು ಬಿಳಿ ಪಟ್ಟಿ ಇತ್ತು. ಉಳಿದ ಕೈ ಬಿಸಿಲಿಗೆ ಕಂದಿ ಹುಣಸೇಹಣ್ಣಿನ ಬಣ್ಣಕ್ಕೆ ಬಂದಿದ್ದರಿಂದ ಅದು ದೂರಕ್ಕೂ ಕಾಣುತ್ತಿತ್ತು. ಮದುವೆಯಲ್ಲಿ ಮಾವ ಕೊಟ್ಟ ಕೀಲಿ ವಾಚನ್ನು ಅಷ್ಟು ವರ್ಷ ಅಲ್ಲಿ ಕಟ್ಟಿದ್ದವರು ಒಂದು ದಿನ ಬಿಚ್ಚಿ, ಕಂಪ್ಯೂಟರಿನ ಮೇಲಿನ ಗೋಡೆಯ ಮೊಳೆಗೆ ತಗುಲಿಹಾಕಿದರು. ಮತ್ತೆ ಕಟ್ಟಲಿಲ್ಲ.

ನಾನು ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದೆ. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿ, ಗುರುಪುರ ಇನ್ನೂ ಸ್ವಲ್ಪ ದೂರ ಇರುವಾಗ, ಅವರದೊಂದು ವೇಬ್ರಿಡ್ಜ್ ಇದೆ. ಲಾರಿಯನ್ನು ಖಾಲಿ ಇದ್ದಾಗ ಒಮ್ಮೆ, ಮಾಲು ತುಂಬಿದ ಮೇಲೆ ಒಮ್ಮೆ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಒಳಗಿನ ಕೋಣೆಯಲ್ಲಿ ಕಂಪ್ಯೂಟರು ಎರಡೂ ತೂಕ ಹಿಡಿದು, ತಾರೀಖು ಗಂಟೆ ಸಮೇತ ಚೀಟಿ ಹೊಡೆದು ಕೊಡುತ್ತದೆ. ಶುಂಠಿ, ಕೆ.ಆರ್. ನಗರದ ಕಡೆಯ ಭತ್ತ, ಟಿಬೆಟಿನವರ ಕ್ಯಾಂಪಿನಿಂದ ಬರುವ ಮುಸುಕಿನ ಜೋಳ, ಎಲ್ಲವೂ ಅಲ್ಲಿ ನಿಂತೇ ಮುಂದೆ ಹೋಗುತ್ತಿದ್ದವು. ಚೀಟಿ ಹರಿದು ಕೊಡುವ ಕೆಲಸಕ್ಕೆ ನಾನು ಸೇರಿದೆ. ಈಗಲೂ ಅಲ್ಲೇ ಇದ್ದೇನೆ.

ಕಂಪ್ಯೂಟರು ವೇಬ್ರಿಡ್ಜಿನಷ್ಟೇ ಹಳೆಯದು. ಕಪ್ಪು ಪರದೆ, ಹಳದಿ ಅಕ್ಷರ. ಅದರ ತೂಕದ ಪ್ರೋಗ್ರಾಮು ಬರೆದುಕೊಟ್ಟವರು ಎಂದೋ ಅಂಗಡಿ ಮುಚ್ಚಿದ್ದರು; ಹೊಸ ಕಂಪ್ಯೂಟರು ತಂದರೆ ಹಲಗೆಯ ಕೆಳಗಿನ ತಂತಿಯಿಂದ ಹಿಡಿದು ಎಲ್ಲವನ್ನೂ ಬದಲಿಸಬೇಕಿತ್ತು. ಹಾಗಾಗಿ ಯಜಮಾನರು ಅದನ್ನು ಮನೆಯ ಹಸುವಿನಂತೆ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಬಂದು, ಹೆಗಲ ಟವೆಲಿನಿಂದ ಕೀಬೋರ್ಡಿನ ಧೂಳು ಒರೆಸಿ, ಆಮೇಲೆಯೇ ಸ್ವಿಚ್ಚು ಹಾಕುವುದು. ಟವೆಲು ಹೊಸದಾಗಿದ್ದರೂ ಇದೇ.

ಕಂಪ್ಯೂಟರು ಮೊದಲು ಗಂಟೆಯಲ್ಲಿ ಹಿಂದೆ ಬೀಳತೊಡಗಿತು. ಆಮೇಲೆ ತಾರೀಖನ್ನೇ ಬಿಟ್ಟುಬಿಟ್ಟಿತು. ಪ್ರತಿದಿನ ಬೆಳಿಗ್ಗೆ ಏಳುವಾಗ ಅದಕ್ಕೆ ಸಾವಿರದ ಒಂಬೈನೂರ ಎಂಬತ್ತನೇ ಇಸವಿಯ ಜನವರಿ ಒಂದು. ಒಳಗೆ ಗಡಿಯಾರದ ಕೆಲಸ ಮಾಡುವ ಕಪ್ಪು ಚಿಪ್ಪೊಂದಿದೆ, ಅದರ ಹೊಟ್ಟೆಯಲ್ಲೇ ಒಂದು ಸೆಲ್ಲು ಕೂಡಿಸಿ ಅರಗಿನಂಥದ್ದನ್ನು ಹುಯ್ದು ಮುಚ್ಚಿರುತ್ತಾರೆ, ಆ ಸೆಲ್ಲು ತೀರಿದೆ ಎಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ಕೈಯಿಂದಲೇ ತಾರೀಖು ಒತ್ತಬೇಕಿತ್ತು. ಅದರಲ್ಲೂ ಯಜಮಾನರದೊಂದು ಪದ್ಧತಿ. ತಾವಾಗಿ ಒತ್ತುತ್ತಿರಲಿಲ್ಲ. ಬೋಣಿಗೆ ಬಂದ ಲಾರಿಯವನನ್ನು ಕಿಟಕಿಯಿಂದ ಕೇಳುತ್ತಿದ್ದರು.

"ಇವತ್ ಯಾವ್ ತಾರೀಖಪ್ಪ? ಟೈಮೇನು?"

ಅವನು ಹೇಳಿದ್ದನ್ನು ಒಂದೇ ಬೆರಳಿನಲ್ಲಿ ಒತ್ತುವುದು. ಗೋಡೆಯಲ್ಲೇ ಕ್ಯಾಲೆಂಡರ್ ಇದೆಯಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಮ್ ಚೀಟಿಗೆ ನಾವೇ ತಾರೀಖ್ ಆಕಂಡ್ರೆ ಏನ್ ಚೆಂದ ಕಣವ್ವ. ಬೋಣಿ ಗಿರಾಕಿ ಬಾಯಿಂದ ಬರ್ಲಿ. ನಾಳೆ ಯಾರೂ ಕೇಳಂಗಿಲ್ಲ" ಎಂದರು.

ಒಂದು ಬೆಳಿಗ್ಗೆ ಕೇಳುವುದನ್ನು ಮರೆತು ಖಾಲಿ ಲಾರಿಯ ತೂಕ ಹಿಡಿದುಬಿಟ್ಟರು. ಮಧ್ಯಾಹ್ನ ಅದೇ ಲಾರಿ ಭತ್ತ ತುಂಬಿಕೊಂಡು ಬಂದಾಗ ಚೀಟಿಯಲ್ಲಿ ಖಾಲಿ ತೂಕ ಎಂಬತ್ತನೇ ಇಸವಿಯದು, ತುಂಬಿದ ತೂಕ ಇವತ್ತಿನದು.

"ಏನ್ ಯಜಮಾನ್ರೇ, ಈ ಲಾರಿ ಉಟ್ಟೋಕ್ ಮುಂಚೆನೇ ತೂಕ ಆಕ್ಬುಟ್ಟಿದೀರಲ್ಲ" ಎಂದ ಡ್ರೈವರ್.

"ಆಗ ನಿಮ್ಮಪ್ಪ ಬಂದಿದ್ದ ಕಣ್ಲಾ. ಅವಂದೂ ಇಂಗೇ ಓವರ್‌ಲೋಡು."

ಕಿಟಕಿಯ ಆಚೆ ಈಚೆ ಎಲ್ಲರೂ ನಕ್ಕರು. ಯಜಮಾನರು ಚೀಟಿ ಹರಿದುಹಾಕಿ ಬೇರೆ ಹೊಡೆಸಿಕೊಟ್ಟರು.

ನಗಲಾಗದ ದಿನವೂ ಬಂತು. ಶುಂಠಿ ಕೀಳುವ ಕಾಲ. ಅಂದು ಬೋಣಿಯ ಲಾರಿಯವನು ಕೇರಳದಿಂದ ನಿದ್ದೆಯಿಲ್ಲದೆ ಬಂದಿದ್ದ. ಕಣ್ಣು ಉಜ್ಜಿಕೊಂಡು ಹಿಂದಿನ ದಿನದ ತಾರೀಖು ಹೇಳಿದ. ಯಜಮಾನರು ಅದನ್ನೇ ಒತ್ತಿದರು. ಅದರ ನಂತರ ಬಂದವರು ಹಂಪಾಪುರದ ಒಬ್ಬ ಗೌಡರು. ಎಷ್ಟೋ ವರ್ಷದಿಂದ ನಮ್ಮಲ್ಲೇ ತೂಕ ಮಾಡಿಸುತ್ತಿದ್ದವರು. ಶುಂಠಿಯ ಲೋಡು ತೂಗಿಸಿ, ಚೀಟಿ ತೆಗೆದುಕೊಂಡು ಹುಣಸೂರಿನ ವ್ಯಾಪಾರಿಯ ಹತ್ತಿರ ಹೋದರು. ಮಧ್ಯಾಹ್ನದ ಹೊತ್ತಿಗೆ ಅದೇ ಲೋಡಿನೊಂದಿಗೆ ವಾಪಸು ಬಂದರು.

"ಯಜಮಾನ್ರೇ, ಇದು ನೆನ್ನೆ ಚೀಟಿ ಅಂತಾನೆ ಅವ್ನು. ರಾತ್ರಿಯೆಲ್ಲ ಒಣಗಿರೋ ಮಾಲು, ತೂಕ ಇಳಿದದೆ, ನನ್ ಕಾಟಾದಲ್ಲೇ ತೂಗ್ಬೇಕು ಅಂತಾನೆ. ಇವತ್ ಬೆಳಗ್ಗೆ ಕಿತ್ತ ಶುಂಠಿ ಕಣ್ರೀ ಇದು. ಮಣ್ಣೇ ಇನ್ನೂ ಒದ್ದೆ ಅದೆ."

ಯಜಮಾನರು ಚೀಟಿಯನ್ನು ಎರಡು ಸಲ ನೋಡಿದರು. ಗೌಡರ ಗಾಡಿ ಹತ್ತಿ ವ್ಯಾಪಾರಿಯ ಹತ್ತಿರ ಹೋದರು. ಅಲ್ಲಿ ನಡೆದದ್ದನ್ನು ಸಂಜೆ ಅವರೇ ಹೇಳಿದರು. ತಪ್ಪಿರುವುದು ತಾರೀಖು, ತೂಕವಲ್ಲ ಎಂದು ಇವರು ಹೇಳಿದ್ದಕ್ಕೆ ವ್ಯಾಪಾರಿ, "ತಾರೀಖೇ ಗೊತ್ತಿಲ್ದಿರೋ ಬ್ರಿಡ್ಜು, ತೂಕ ಮಾತ್ರ ಸರಿಯಾಗ್ ಏಳ್ತದೆ ಅಂತ ಎಂಗ್ ನಂಬ್ಲಿ ಬುಡಿ" ಎಂದನಂತೆ. ಗೌಡರು ವ್ಯಾಪಾರಿಯ ತೂಕಕ್ಕೇ ಒಪ್ಪಿಕೊಂಡು ಶುಂಠಿ ಇಳಿಸಿದರು. ಹೊರಡುವಾಗ ಯಜಮಾನರ ಕಡೆ ತಿರುಗಿ ನೋಡಲಿಲ್ಲ.

ಅವತ್ತೇ ವಾಚು ಮೊಳೆಗೆ ಹೋಯಿತು. ಹಲಗೆಗೆ ಅಡ್ಡ ಸರಪಳಿ ಬಿತ್ತು.

"ಸುಗ್ಗೀಲಿ ಬೀಗ ಆಕ್ಕಂಡ್ ಕೂತವ್ರೆ" ಎಂದು ಅಮ್ಮಾವ್ರು, ಅಂದರೆ ಅವರ ಹೆಂಡತಿ, ತಿಂಡಿಯ ಡಬ್ಬಿ ಇಟ್ಟು ಹೋಗುವಾಗ ನನಗೆ ಕೇಳಿಸುವಂತೆ ಹೇಳಿದರು. ಬೈಪಾಸಿನಲ್ಲಿ ಹೊಸ ವೇಬ್ರಿಡ್ಜ್ ಶುರುವಾಗಿತ್ತು. ನಮ್ಮ ಗಿರಾಕಿಗಳೆಲ್ಲ ನಮ್ಮ ಮುಂದೆಯೇ ಹಾದು ಅಲ್ಲಿಗೆ ಹೋಗುತ್ತಿದ್ದರು. ಗೌಡರ ಗಾಡಿಯೂ ಹೋಯಿತು. ಯಜಮಾನರು ಕಿಟಕಿಯ ಹತ್ತಿರ ಕುಳಿತು ಅದನ್ನೆಲ್ಲ ನೋಡುತ್ತಿದ್ದರು. ತಾರೀಖು ಸರಿಯಾಗಿ ನಿಲ್ಲುವವರೆಗೆ ಒಂದು ಚೀಟಿಯೂ ಹೊರಗೆ ಹೋಗಬಾರದು ಎಂದುಬಿಟ್ಟರು.

ಮೈಸೂರಿನ ಅಂಗಡಿಯೊಂದರಲ್ಲಿ ಅದೇ ನಮೂನೆಯ ಚಿಪ್ಪು ಸಿಕ್ಕಿತು. ಹಳೆಯದನ್ನು ಕೀಳುವಾಗ ಅದರ ಒಂದು ಕಾಲು ಮುರಿದು ಗುಣಿಯಲ್ಲೇ ಉಳಿಯಿತು, ಚಿಮಟದಿಂದ ತೆಗೆದೆವು. ಹೊಸದನ್ನು ಕೂರಿಸಿ, ತಾರೀಖು ಕೊಟ್ಟು ಮನೆಗೆ ಹೋದೆವು. ಬೆಳಿಗ್ಗೆ ನೋಡಿದರೆ ಮತ್ತೆ ಎಂಬತ್ತನೇ ಇಸವಿ. ಫೋನಿನಲ್ಲಿ ಕೇಳಿದರೆ ಅಂಗಡಿಯವನು, "ಹೊಸದೇ ಸಾರ್ ಅದು. ಆದ್ರೆ ಆ ಕಾಲದ ಹೊಸದು" ಎಂದ. ಬಳಸದೆ ಇಟ್ಟರೂ ಒಳಗಿನ ಸೆಲ್ಲು ತಾನಾಗಿ ತೀರುತ್ತದಂತೆ. ಬೇರೆ ಚಿಪ್ಪು ಅವನಲ್ಲಿ ಇರಲಿಲ್ಲ. ಒಂದು ದಾರಿ ಮಾತ್ರ ಹೇಳಿದ. ಚಿಪ್ಪಿನ ಪಕ್ಕವನ್ನು ಮೆಲ್ಲಗೆ ಅರದಿಂದ ಉಜ್ಜಿದರೆ ಒಳಗಿನ ಎರಡು ತಂತಿ ಕಾಣುತ್ತವೆ. ಸತ್ತ ಸೆಲ್ಲಿನ ಸಂಬಂಧ ಕತ್ತರಿಸಿ, ಆ ತಂತಿಗಳಿಗೆ ಹೊರಗಿನಿಂದ ಬಟನ್ ಸೆಲ್ ಬೆಸೆಯಬೇಕು. ಸ್ವಲ್ಪ ಹೆಚ್ಚು ಉಜ್ಜಿದರೆ ತಂತಿಯೇ ಸವೆದು ಚಿಪ್ಪು ಹೋಗುತ್ತದೆ.

ಇದ್ದದ್ದು ಅದೊಂದೇ ಚಿಪ್ಪು. ಯಜಮಾನರು ಗರಗಸದ ಹಲ್ಲು ಹರಿತ ಮಾಡುವ ಮೂರು ಮೂಲೆಯ ಅರವನ್ನು ತಂದು ನನ್ನ ಮುಂದಿಟ್ಟರು.

"ನಾನಾ?" ಎಂದೆ.

"ನೀನ್ ದಿನಾ ಹೂವ ಕಟ್ಟೋಳು. ಮೊಗ್ಗು ನಲುಗ್ದಂಗೆ ಗಂಟು ಆಕ್ತೀಯಲ್ಲ, ಅಷ್ಟೇ ಬಿಗಿ ಸಾಕು."

"ಚಿಪ್ಪು ಆಳಾಗೋದ್ರೆ?"

"ಆದ್ರೆ ಆಗ್ಲಿ. ನಿನ್ನ ಬೈಯಲ್ಲ."

ಇಷ್ಟು ಹೇಳಿ ಎದ್ದು ಹೊರಗೆ ಹೋದರು. ನನ್ನ ಹೆಗಲ ಮೇಲಿಂದ ಬಗ್ಗಿ ನೋಡುವುದಾಗಲಿ, ಹಾಗಲ್ಲ ಹೀಗೆ ಎನ್ನುವುದಾಗಲಿ ಮಾಡಲಿಲ್ಲ. ನಾನು ಉಜ್ಜುತ್ತಾ ಕುಳಿತೆ. ಕಾಡಿಗೆಯಂಥ ಪುಡಿ ಉದುರಿತು. ಅವರು ಎಲ್ಲಿ ಹೋದರೆಂದು ತಲೆಯೆತ್ತಿದಾಗ, ಹಲಗೆಯ ಮೇಲಿನ ತೂಕ ತೋರಿಸುವ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಎಪ್ಪತ್ತು ಕೆ.ಜಿ. ಎಂದು ತೋರಿಸುತ್ತಿತ್ತು. ಸರಪಳಿ ದಾಟಿ ಖಾಲಿ ಹಲಗೆಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು. ನಾನು ಉಜ್ಜಿದಷ್ಟು ಹೊತ್ತೂ ಆ ಎಪ್ಪತ್ತು ಅಲ್ಲೇ ಇತ್ತು. ಕೊನೆಗೆ ಕಪ್ಪಿನ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ತಾಮ್ರ ಮಿನುಗಿತು. ಆಮೇಲೆ ಇನ್ನೊಂದು. ಅಲ್ಲಿಗೆ ಅರ ಕೆಳಗಿಟ್ಟೆ. ಗುರುಪುರದ ಮೊಬೈಲ್ ಅಂಗಡಿಯವರು ಬಂದು ಬೆಸುಗೆ ಹಾಕಿಕೊಟ್ಟರು.

ಮರುದಿನ ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಪರದೆಯ ಮೇಲೆ ಆ ದಿನದ ತಾರೀಖೇ ಬಂತು. ಯಜಮಾನರು ಅದನ್ನು ಮೊಳೆಯ ವಾಚಿಗೂ ಗೋಡೆಯ ಕ್ಯಾಲೆಂಡರಿಗೂ ತಾಳೆ ನೋಡಿ, ಸರಪಳಿ ಬಿಚ್ಚಲು ಹೋದರು. ಅಂದಿನಿಂದ ಬೆಳಗಿನ ಬೀಗದ ಕೈ ನನ್ನ ಸೆರಗಿನಲ್ಲಿದೆ.

ವಾಚಿಗೆ ದಿನಾ ಕೀಲಿ ಕೊಡುವುದನ್ನು ಅವರು ಬಿಡಲಿಲ್ಲ. ಬೋಣಿಯವನನ್ನು ಕೇಳುವುದನ್ನೂ ಬಿಡಲಿಲ್ಲ. ಈಗ ಒತ್ತುವುದಕ್ಕಲ್ಲ, ತಾಳೆ ನೋಡುವುದಕ್ಕೆ. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಗೌಡರು ಮಾತ್ರ ಆ ಸುಗ್ಗಿಯೆಲ್ಲ ಬೈಪಾಸಿಗೇ ಹೋದರು. ಬಂದದ್ದು ಮುಂದಿನ ಶುಂಠಿಗೆ, ಅದೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು.

"ಇವತ್ ಯಾವ್ ತಾರೀಖು ಗೌಡ್ರೇ?" ಎಂದರು ಯಜಮಾನರು, ಏನೂ ಆಗದವರಂತೆ.

"ನಿಮ್ ಪೆಟ್ಟಿಗೇನೇ ಕೇಳ್ರೀ. ನನ್ ಕೇಳಿ ಏನಾಗ್ಬೇಕು."

"ಪೆಟ್ಟಿಗೆ ಏಳ್ತದೆ. ನೀವೂ ಏಳಿ."

ಗೌಡರು ಹೇಳಿದರು. ಸರಿ ಇತ್ತು. ಚೀಟಿ ತೆಗೆದುಕೊಂಡು ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿ, ಮಡಚಿ, ಮತ್ತೆ ಬಿಚ್ಚಿ ನೋಡಿಕೊಂಡು ಹೋದರು. ಯಜಮಾನರು ಆಮೇಲೆ ಬಹಳ ಹೊತ್ತು ಟವೆಲಿನಿಂದ ಕೀಬೋರ್ಡು ಒರೆಸುತ್ತಿದ್ದರು.

ಅವರು ಹೋದ ವರ್ಷ ತೀರಿಕೊಂಡರು. ಊಟ ಮಾಡಿ ಮಲಗಿದವರು ಏಳಲಿಲ್ಲ. ನೋಡಲು ಹೋದಾಗ ಕೈ ಎದೆಯ ಮೇಲಿತ್ತು. ಆ ಬಿಳಿ ಪಟ್ಟಿ ಅಷ್ಟರಲ್ಲಿ ಸುತ್ತಲಿನ ಬಣ್ಣಕ್ಕೇ ತಿರುಗಿಬಿಟ್ಟಿತ್ತು. ಎಲ್ಲಿತ್ತೆಂದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತಿತ್ತು.

ಕಾರ್ಯ ಕಳೆದ ಮೇಲೆ, ಮೊದಲು ಹೇಗಿತ್ತೋ ಹಾಗೇ ನಡೆಯಲಿ ಎಂದರು ಅಮ್ಮಾವ್ರು. ಬೆಳಿಗ್ಗೆ ಬೀಗ ತೆಗೆದು, ಕೀಬೋರ್ಡು ಒರೆಸಿ, ನಿಂತಿದ್ದ ವಾಚಿಗೆ ಕೀಲಿ ಕೊಟ್ಟೆ. ಬೋಣಿಗೆ ಬಂದದ್ದು ಗೌಡರ ಗಾಡಿ. ಕಿಟಕಿಯಿಂದ ಕೇಳಬೇಕೆಂದು ಬಾಯಿ ತೆರೆದೆ. ಕೇಳದೆ ಮೊಳೆಯ ವಾಚಿನ ಕಡೆ ತಿರುಗಿದೆ.

ಗೌಡರು ಎಂಜಿನ್ ಆಫ್ ಮಾಡಿದರು. ಯಾರೂ ಕೇಳದಿದ್ದರೂ ಅಂದಿನ ತಾರೀಖು ಹೇಳಿದರು, ಟೈಮು ಹೇಳಿದರು. ಪರದೆ ನೋಡಿದೆ. ಅದೇ ಇತ್ತು. ಚೀಟಿ ಹರಿದು ಕೊಟ್ಟೆ. ಅವರು ಅದನ್ನು ಓದಲಿಲ್ಲ. ಹಾಗೇ ಮಡಚಿ ಜೇಬಿಗಿಟ್ಟುಕೊಂಡು ಗಾಡಿ ಸ್ಟಾರ್ಟ್ ಮಾಡಿದರು.